ತಿಪಟೂರು ತೆಂಗಿನ ತವರಿಗೆ ಹೋಗಿಬಂದೆ

ಹೋದ ಬೇಸಿಗೆಯಲ್ಲಿ ಅಪ್ಪ ಫೋನ್ ಮಾಡಿ, "ಮೇಲಿನ ಹೊಲಕ್ಕೂ ತೆಂಗು ಹಾಕ್ಬಿಡಾಣ ಅಂತಿದ್ದೀನಿ ಕಣೋ. ಎಂಬತ್ತು ಗುಂಡಿ ಆಗ್ತವೆ. ಬೋರಿನ ದುಡ್ಡು ನೀನು ನೋಡ್ಕೊ" ಅಂದರು. ತುರುವೇಕೆರೆ ಹತ್ತಿರದ ನಮ್ಮೂರಲ್ಲಿ ಮೇಲಿನ ಹೊಲ ಅಂದರೆ ರಾಗಿ ಬೆಳೆಯುವ ಬೆದ್ದಲು. ಹಿಂದೆ ಅಲ್ಲಿ ಕೊರೆಸಿದ ಎರಡು ಬೋರೂ ಬರೀ ಧೂಳು ಉಗುಳಿದ್ದವು. "ನೋಡೋಣ ಇರಪ್ಪ" ಅಂತ ಫೋನಿಟ್ಟೆ.

ಆಮೇಲೆ ಗೆಳೆಯರ ಜೊತೆ ಹೊನ್ನಾವರಕ್ಕೆ ಹೊರಟೆ. ಬರೀ ವೀಕೆಂಡ್ ಟ್ರಿಪ್ಪು, ಬೇರೆ ಉದ್ದೇಶವೇನೂ ಇರಲಿಲ್ಲ. ನಮ್ಮ ಕಡೆಯವರು ಈಗಲೂ 206 ಅಂತಲೇ ಕರೆಯುವ ಹಳೇ ಹೆದ್ದಾರಿ ತುಮಕೂರಿನಲ್ಲಿ ಶುರುವಾಗಿ ಗುಬ್ಬಿ, ತಿಪಟೂರು, ಅರಸೀಕೆರೆ ದಾಟಿ, ಶಿವಮೊಗ್ಗ, ಸಾಗರದ ಮೇಲೆ ಘಟ್ಟ ಇಳಿದು ಹೊನ್ನಾವರದಲ್ಲಿ ಮುಗಿಯುತ್ತದೆ. ತಿಪಟೂರಿಂದ ಹೆಚ್ಚುಕಮ್ಮಿ 300 ಕಿಲೋಮೀಟರ್. ಹೊರಡುವಾಗಲೂ ತೆಂಗು, ತಲುಪಿದಾಗಲೂ ತೆಂಗು. ನಡುವೆ ಮಾತ್ರ ಕಾಡು.

ಶರಾವತಿ ಸಮುದ್ರ ಸೇರುವಲ್ಲಿ, ಹೊಳೆಯ ದಕ್ಷಿಣಕ್ಕೆ ಕಾಸರಕೋಡು. (ತೆಂಗಿನ ಸಂಶೋಧನೆಗೆ 1916ರಿಂದ ಹೆಸರಾದ ಕೇರಳದ ಕಾಸರಗೋಡು ಬೇರೆ. ನನ್ನ ಗೆಳೆಯನೊಬ್ಬ ಮ್ಯಾಪಿನಲ್ಲಿ ಅದನ್ನೇ ಹಾಕಿಬಿಟ್ಟಿದ್ದ!) 2020ರಲ್ಲಿ ಬ್ಲೂ ಫ್ಲಾಗ್ ಸಿಕ್ಕ ಬೀಚು ಇಲ್ಲಿದೆ. ಎಲ್ಲರೂ ಫೋಟೋ ತೆಗೆಯುತ್ತಿದ್ದಾಗ ನಾನು ಮರಳಲ್ಲಿ ಬೆಳೆದದ್ದನ್ನು ನೋಡುತ್ತಾ ಕೂತೆ.

ನೀರಿಗೆ ಎಲ್ಲಕ್ಕಿಂತ ಹತ್ತಿರ ಇರುವುದು ಅಡುಂಬು ಬಳ್ಳಿ. ಮೇಕೆ ಗೊರಸಿನಂತೆ ಸೀಳಿದ ದಪ್ಪ ಎಲೆ, ನೇರಳೆ ಹೂವು. ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಮರಳನ್ನು ಹಿಡಿದು ಕೂರುತ್ತದೆ. ಅದರ ಜೊತೆಗಾರ ಮುಳ್ಳುಮುಳ್ಳು ಹುಲ್ಲು, ರಾವಣನ ಮೀಸೆ. ಒಣಗಿದ ಇದರ ಉಂಡೆ ಗಾಳಿಗೆ ಉರುಳುತ್ತಾ ಬೀಜ ಚೆಲ್ಲಿಕೊಂಡು ಹೋಗುತ್ತದೆ. ಇವೆರಡೂ ಮರಳನ್ನು ನಿಲ್ಲಿಸಿಕೊಟ್ಟ ಮೇಲೆ ಹಿಂದೆ ಕೇದಗೆ, ಇನ್ನೂ ಹಿಂದೆ ಹೊರಗಿನಿಂದ ತಂದು ನೆಟ್ಟ ಗಾಳಿಮರ. ಮಳೆ ಮೂರು ಸಾವಿರ ಮಿಲಿಮೀಟರ್ ದಾಟುವ ಕರಾವಳಿಯಲ್ಲೂ ಈ ಗಿಡಗಳದ್ದು ಮರುಭೂಮಿಯ ಬಾಳು. ಮರಳಲ್ಲಿ ನೀರು ನಿಲ್ಲಲ್ಲ, ಗಾಳಿಯ ತುಂಬಾ ಉಪ್ಪು.

ನಮ್ಮ ತೆಂಗೂ ಇದೇ ಸಂಸಾರದ್ದು. ಮೂಲದಲ್ಲಿ ಅದು ದಡದ ಮರ. ಕಾಯಿ ಸಮುದ್ರಕ್ಕೆ ಬಿದ್ದು, ನಾರಿನ ಮಟ್ಟೆಯ ಬಲದಿಂದ ತಿಂಗಳುಗಟ್ಟಲೆ ತೇಲಿ, ಇನ್ನೊಂದು ದಡದಲ್ಲಿ ಮೊಳೆಯುತ್ತದೆ. ಒಳಗಿನ ನೀರು, ತಿರುಳು ಎರಡೂ ಆ ಪ್ರಯಾಣದ ಬುತ್ತಿ. ಪೆಸಿಫಿಕ್ ಕಡೆ ಒಮ್ಮೆ, ಹಿಂದೂ ಮಹಾಸಾಗರದ ಕಡೆ ಒಮ್ಮೆ, ಹೀಗೆ ಎರಡು ಕಡೆ ಬೇರೆಬೇರೆಯಾಗಿ ಮನುಷ್ಯ ಇದನ್ನು ಬೇಸಾಯಕ್ಕೆ ತಂದ ಅಂತ 2011ರ ಡಿಎನ್‌ಎ ಅಧ್ಯಯನವೊಂದು ಹೇಳಿತು. ಕಡಲು ದಾಟಲು ಹುಟ್ಟಿದ ಈ ಮಟ್ಟೆಯನ್ನೇ ನಂಬಿ ನಾವು ಕಾಯನ್ನು ಸುಲಿಯದೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಮಡಗುತ್ತೇವೆ. ನೀರು ಇಂಗಿ, ಅಲ್ಲಾಡಿಸಿದರೆ ಒಳಗೆ ಕಟಕಟ ಅಂದರೆ ಉಂಡೆ ಕೊಬ್ಬರಿ. 2024ರಲ್ಲಿ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ಕೊಟ್ಟದ್ದು ಇದಕ್ಕೇ.

ಆದರೆ ದಡದ ತೆಂಗಿಗೂ ಅಡುಂಬು ಬಳ್ಳಿಗೂ ಒಂದು ವ್ಯತ್ಯಾಸ ಇದೆ. ತೆಂಗು ನೋಡೋಕೆ ಒಣ ಮರಳಲ್ಲಿ ನಿಂತಿರುತ್ತದೆ, ನಿಜವಾಗಿ ನಿಂತಿರುವುದು ನೀರಿನ ಮೇಲೆ. ಮಳೆನೀರು ಮರಳಲ್ಲಿ ಇಳಿದು, ಭಾರದ ಉಪ್ಪುನೀರಿನ ಮೇಲೆ ಪದರವಾಗಿ ತೇಲುತ್ತದೆ. ಸಮುದ್ರದ ಪಕ್ಕದ ಮನೆಗಳಲ್ಲೂ ಕೆಲವೇ ಅಡಿಗೆ ಸಿಹಿನೀರಿನ ಬಾವಿ ಇರುವುದು ಅದಕ್ಕೆ. ತೆಂಗಿಗೆ ತಾಯಿಬೇರು ಇಲ್ಲ. ಸಾವಿರಾರು ಸಣ್ಣ ಬೇರು ಮೇಲಿನ ಕೆಲವು ಅಡಿಯಲ್ಲೇ ಹರಡಿಕೊಂಡು ಆ ನೀರನ್ನು ಹೀರುತ್ತವೆ. ಅದಕ್ಕೆ ಬೇಕಾದದ್ದು ಕಡಲಲ್ಲ, ಕಾಲಡಿಯ ತೇವ.

ಅಲ್ಲಿ ಕೂತಿದ್ದಾಗ ನಮ್ಮ ಕೆಳಗಿನ ತೋಟ ನೆನಪಾಯಿತು. ಚಿಕ್ಕನಾಯಕನಹಳ್ಳಿಯಿಂದ ತುರುವೇಕೆರೆವರೆಗೆ ಹಳೇ ತೋಟಗಳನ್ನು ನೋಡಿ, ಬಹುಪಾಲು ಕೆರೆ ಹಿಂದಿನ ತಗ್ಗಿನಲ್ಲೇ ಇವೆ. ಮಳೆ ಆರೇಳು ನೂರು ಮಿಲಿಮೀಟರ್, ಸಮುದ್ರಮಟ್ಟದಿಂದ 800 ಮೀಟರ್ ಎತ್ತರ. ಅಂಥ ಕಡೆ ಹಿರಿಯರು ಕೆರೆ ಕಟ್ಟಿ, ಅದರ ಸೋರುನೀರು ಬೇರಿಗೆ ಸಿಗುವ ಜಾಗ ಹುಡುಕಿ ಗಿಡ ಇಟ್ಟರು. ಕೆರೆಯ ಗೋಡು ಹೊಡೆದರು, ಮಟ್ಟೆ ಹೂತರು, ಗುಂಡಿಗೆ ಉಪ್ಪು ಹಾಕಿದರು. (ಉಪ್ಪು ಮೂಢನಂಬಿಕೆ ಅಂದುಕೊಂಡಿದ್ದೆ. ತೆಂಗಿಗೆ ಕ್ಲೋರಿನ್ ನಿಜಕ್ಕೂ ಬೇಕು.) ಬೆದ್ದಲಿಗೆ ತೆಂಗು ಹತ್ತಿದ್ದು ಬೋರ್ ಬಂದ ಮೇಲೆ. ಬೋರ್ ಸಾವಿರ ಅಡಿಗೆ ಇಳಿದಾಗ ಮೊದಲು ಸುಳಿ ಬಿದ್ದದ್ದೂ ಆ ಮೇಲಿನ ಮರಗಳೇ. ಹೊಂಬಾಳೆಯ ಮೊಳಕೆ ಸುಳಿಯೊಳಗೆ ಹುಟ್ಟಿ ಕಾಯಿ ಬಲಿಯುವಷ್ಟರಲ್ಲಿ ಮೂರೂವರೆ ವರ್ಷ. ಹಾಗಾಗಿ ಬರದ ಪೆಟ್ಟು ಪೂರ್ತಿ ಕಾಣೋದೇ ಮಳೆ ಬಂದಮೇಲೆ. ಮರ ಸಾಯ್ತಿದೆ ಅಂತ ನಮಗೆ ಗೊತ್ತಾಗೋದು ಯಾವಾಗಲೂ ತಡ.

ವಾಪಸ್ ಬರುವಾಗ ಊರಲ್ಲಿ ಇಳಿದೆ. "ಮೇಲಿನ ಹೊಲಕ್ಕೆ ಬೇಡಪ್ಪ. ಬೋರಿಗೆ ನಾನು ಕೊಡಲ್ಲ. ಆ ದುಡ್ಡಲ್ಲಿ ಕೆಳಗೆ ಸತ್ತಿರೋ ಮರ ತೆಗೆಸಿ ಸಸಿ ಇಡೋಣ, ಗೋಡು ಹೊಡೆಸೋಣ" ಅಂದೆ. ಅಪ್ಪ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮಗ ಬೆಂಗಳೂರಲ್ಲಿ ಕೂತು ತೋಟ ಬೇಡ ಅಂತಾನೆ ಅಂತ ಅವ್ವನ ಹತ್ತಿರ ಹೇಳಿಕೊಂಡರಂತೆ.

ಮಳೆ ಬಿದ್ದ ಮೇಲೆ ಕೆಳಗಿನ ತೋಟದಲ್ಲಿ ಇಪ್ಪತ್ತೆರಡು ಗುಂಡಿ ತೆಗೆದೆವು. ಮೇಲೆ ರಾಗಿಯೇ. ಬೋರಿನ ಮಾತು ಪೂರ್ತಿ ನಿಂತಿಲ್ಲ, ಹಬ್ಬಕ್ಕೆ ಹೋದಾಗ ಮತ್ತೆ ಬರುತ್ತದೆ. ಸಸಿ ಇಡುವ ದಿನ ಅಪ್ಪ ಗುಂಡಿಗೆ ಉಪ್ಪು ಹಾಕುತ್ತಾ, "ಸಮುದ್ರದ ತಂಕ ಹೋಗಿದ್ದೋನು ಒಂದು ಮೂಟೆ ಉಪ್ಪಾದ್ರೂ ತರಬಾರ್ದಾಗಿತ್ತೇನೋ" ಅಂದರು.