ಅಷ್ಟು ದೂರದಿಂದ ನೀರು ತಂದು

ನಮ್ಮ ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ‘ಯೋಜನೆ’ ಎಂಬ ಪಾಠವಿದೆ. ಪಾಠ ಮುಗಿದ ದಿನ ಮೇಡಂ, ನಿಮಗೆ ಇಷ್ಟವಾದ ಯಾವುದಾದರೂ ಯೋಜನೆಯ ಬಗ್ಗೆ ಎರಡು ಪುಟ ಬರೆದು ತನ್ನಿ ಎಂದರು. ಗೆಳತಿಯರು ಬೇಕರಿ, ಬೊಟಿಕ್, ಮೆಟ್ರೋ ಎಂದು ಆರಿಸಿಕೊಂಡರು. ನಾನು ಎನ್ಸೆಲಡಸ್ ಆರಿಸಿಕೊಂಡೆ. ಕಾಮರ್ಸ್‌ನವಳಿಗೆ ಇದೇಕೆ ಎಂದು ಕ್ಲಾಸೆಲ್ಲ ನಕ್ಕಿತು.

ಎನ್ಸೆಲಡಸ್ ಶನಿಗ್ರಹದ ಒಂದು ಚಂದ್ರ. ಅಡ್ಡಳತೆ ಸುಮಾರು 500 ಕಿಲೋಮೀಟರ್ ಮಾತ್ರ. ಮೇಲೆಲ್ಲ ಮಂಜುಗಡ್ಡೆ, ಚಳಿ ಸೊನ್ನೆಗಿಂತ ಸುಮಾರು 200 ಡಿಗ್ರಿ ಕೆಳಗೆ. ಆದರೆ ಮಂಜಿನ ಕೆಳಗೆ ಉಪ್ಪುನೀರಿನ ಸಮುದ್ರವಿದೆ. ದಕ್ಷಿಣ ಧ್ರುವದಲ್ಲಿರುವ ನಾಲ್ಕು ಉದ್ದನೆಯ ಬಿರುಕುಗಳಿಂದ ಆ ನೀರು ಆವಿಯಾಗಿ, ಹಿಮದ ಕಣಗಳಾಗಿ ಆಕಾಶಕ್ಕೆ ಚಿಮ್ಮುತ್ತದೆ. ಇದನ್ನು 2005ರಲ್ಲಿ ಕಂಡುಹಿಡಿದದ್ದು ಕ್ಯಾಸಿನಿ ನೌಕೆ. ಮುಂದೆ ಅದು ಆ ಚಿಲುಮೆಯ ಒಳಗೇ ಹಾರಿ ಉಪ್ಪು, ಇಂಗಾಲದ ಸಂಯುಕ್ತಗಳು, ಹೈಡ್ರೋಜನ್ ಇರುವುದನ್ನು ಪತ್ತೆ ಮಾಡಿತು. ಅದರ ಹಳೆಯ ಮಾಹಿತಿಯನ್ನೇ ಮತ್ತೆ ಪರಿಶೀಲಿಸಿದಾಗ 2023ರಲ್ಲಿ ಫಾಸ್ಫೇಟ್ ಕೂಡ ಸಿಕ್ಕಿತು. ಜೀವಕ್ಕೆ ಬೇಕಾದ ಸಾಮಾನು ಅಲ್ಲಿದೆ. ಜೀವ ಇದೆಯೇ ಎಂದು ತಿಳಿಯಲು ಆ ನೀರನ್ನು ಹಿಡಿದು ಸರಿಯಾಗಿ ಪರೀಕ್ಷಿಸಬೇಕು.

ಮನೆಯಲ್ಲಿ ಇದನ್ನು ಬರೆಯುತ್ತಿದ್ದಾಗ ನಾನಿ ಪಕ್ಕದಲ್ಲಿ ತಸ್ಬೀಹ್ ಹಿಡಿದು ಕೂತಿದ್ದರು. ಏನು ಬರೀತಿದ್ದೀಯ ಎಂದು ಕೇಳಿದರು. ಉರ್ದುವಿನಲ್ಲಿ ವಿವರಿಸಿದೆ. ಎಲ್ಲ ಕೇಳಿ ಅವರು ಒಂದೇ ಮಾತು ಹೇಳಿದರು: “ಇತ್ತೀ ದೂರ್ ಸೇ ಪಾನೀ ಲಾಕೋ ಕ್ಯಾ ಕರ್ತೇ?” ಅಷ್ಟು ದೂರದಿಂದ ನೀರು ತಂದು ಏನು ಮಾಡುತ್ತಾರೆ?

ನಾನು ಎದ್ದು ಬೀರು ತೆಗೆದೆ. ಫುಪ್ಪು ಉಮ್ರಾದಿಂದ ತಂದುಕೊಟ್ಟ ಜಮ್‌ಜಮ್ ಬಾಟಲಿ ಅಲ್ಲಿತ್ತು. ಅವರು ತಂದದ್ದು ಸೀಲ್ ಮಾಡಿದ 5 ಲೀಟರ್ ಕ್ಯಾನು. ಅದು ನೆಂಟರಿಗೆಲ್ಲ ಹಂಚಿಹೋಗಿ ನಮಗೆ ಬಂದದ್ದು ಕಾಲು ಲೀಟರ್. ಅದಕ್ಕೆ ಬೇರೆ ನೀರು ಸೇರಿಸಬೇಡಿ, ಎಂಜಲು ತಾಗಿಸಬೇಡಿ ಎಂದು ಕಾವಲು ಕಾಯುವವರೇ ನಾನಿ. ಬಾಟಲಿ ತೋರಿಸಿದೆ. ನಾನಿ ಜೋರಾಗಿ ನಕ್ಕರು. ಆಮೇಲೆ, “ಸರಿ, ಹೇಗೆ ತರುತ್ತಾರೆ ಹೇಳು” ಎಂದರು.

ಹೇಗೆ ಎಂಬುದೇ ಕಷ್ಟದ ಪ್ರಶ್ನೆ. ಚಿಲುಮೆಯೊಳಗೆ ಹಾರಿ ಕಣಗಳನ್ನು ಹಿಡಿಯಬಹುದು. ಸ್ಟಾರ್‌ಡಸ್ಟ್ ನೌಕೆ ಒಂದು ಧೂಮಕೇತುವಿನ ಧೂಳನ್ನು ಹಾಗೆ ಹಿಡಿದು 2006ರಲ್ಲಿ ಭೂಮಿಗೆ ತಂದಿತು. ಆದರೆ ವೇಗ ಹೆಚ್ಚಾದರೆ ಕಣ ಬಡಿದು ಒಳಗಿನ ಅಣುಗಳು ಒಡೆಯುತ್ತವೆ. 2015ರಲ್ಲಿ ಕ್ಯಾಸಿನಿ ಸೆಕೆಂಡಿಗೆ 8 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಅಲ್ಲಿ ಹಾದುಹೋಗಿತ್ತು. ಅದರ ಬದಲು ನಿಧಾನವಾಗಿ ಸುತ್ತುತ್ತಾ ಕಣ ಹಿಡಿಯಬಹುದು, ಅಥವಾ ಕೆಳಗಿಳಿದು ಉದುರಿದ ಹಿಮವನ್ನೇ ಎತ್ತಿಕೊಳ್ಳಬಹುದು. ಅಲ್ಲಿ ಸೆಳೆತ ಎಷ್ಟು ಕಡಿಮೆಯೆಂದರೆ ಇಲ್ಲಿ 50 ಕೆಜಿ ತೂಗುವವರು ಅಲ್ಲಿ 600 ಗ್ರಾಮೂ ತೂಗುವುದಿಲ್ಲ. ನೀರನ್ನು ಭೂಮಿಗೆ ತರುವುದು ತೀರಾ ದೀರ್ಘ ಪ್ರಯಾಣ. ಆದ್ದರಿಂದ ಪ್ರಯೋಗಾಲಯವನ್ನೇ ಅಲ್ಲಿಗೆ ಕಳಿಸೋಣ ಎನ್ನುವವರೂ ಇದ್ದಾರೆ. ಆರ್ಬಿಲ್ಯಾಂಡರ್ ಎಂಬ ಅಮೆರಿಕದ ಪ್ರಸ್ತಾವ ಹಾಗಿದೆ. 2038ರಲ್ಲಿ ಹೊರಟು 2050ರ ಹೊತ್ತಿಗೆ ಎನ್ಸೆಲಡಸ್ ಸುತ್ತುವುದು, ಆಮೇಲೆ ಇಳಿಯುವುದು. 2022ರಲ್ಲಿ ಅಲ್ಲಿನ ವಿಜ್ಞಾನಿಗಳು ದೊಡ್ಡ ಯೋಜನೆಗಳ ಪಟ್ಟಿ ಮಾಡಿದಾಗ ಯುರೇನಸ್‌ಗೆ ಮೊದಲ ಸ್ಥಾನ, ಇದಕ್ಕೆ ಎರಡನೆಯದು. ಯುರೋಪಿನ ಸಂಸ್ಥೆಯ ತಜ್ಞರೂ 2024ರಲ್ಲಿ ಎನ್ಸೆಲಡಸ್ ಕಡೆಗೇ ಬೆರಳು ತೋರಿಸಿದ್ದಾರೆ.

ನನಗೆ ಹೆಚ್ಚು ಹಿಡಿಸಿದ ಸಂಗತಿ ಇನ್ನೊಂದು. 2017ರಲ್ಲಿ ಇಂಧನ ಮುಗಿಯುತ್ತಾ ಬಂದಾಗ ಕ್ಯಾಸಿನಿಯನ್ನು ಬೇಕೆಂದೇ ಶನಿಗ್ರಹದೊಳಗೆ ಬೀಳಿಸಿ ಸುಟ್ಟುಬಿಟ್ಟರು. ಅದರ ಮೇಲೆ ಭೂಮಿಯ ಸೂಕ್ಷ್ಮಜೀವಿ ಉಳಿದಿದ್ದು, ಮುಂದೊಂದು ದಿನ ಅದು ಎನ್ಸೆಲಡಸ್‌ಗೆ ಡಿಕ್ಕಿ ಹೊಡೆದರೆ ಆ ನೀರು ಕೆಟ್ಟುಹೋಗಬಹುದು ಎಂಬ ಭಯ. ಮುಂದೆ ಯಾರೋ ಬಂದು ಪರೀಕ್ಷಿಸುವ ನೀರಿಗಾಗಿ 20 ವರ್ಷ ದುಡಿದ ನೌಕೆಯನ್ನು ಬಿಟ್ಟುಕೊಟ್ಟರು. ಇದನ್ನು ಹೇಳಿದಾಗ ನಾನಿ, “ಅವರಿಗೆ ಅದಬ್ ಗೊತ್ತು” ಎಂದರು.

2050ಕ್ಕೆ ನನಗೆ 42 ವರ್ಷ. ಈಗ ಈ ನಕ್ಷೆಗಳನ್ನು ಬರೆಯುತ್ತಿರುವ ಹಿರಿಯರಲ್ಲಿ ಕೆಲವರು ಫಲಿತಾಂಶ ನೋಡಲು ಇರಲಾರರು. ಅದು ಗೊತ್ತಿದ್ದೇ ಅವರು ಲೆಕ್ಕ ಹಾಕುತ್ತಿದ್ದಾರೆ.

ಇದನ್ನೆಲ್ಲ ಯಾಕೆ ಬರೆದೆನೆಂದರೆ, ನಮ್ಮ ಮನೆಯಲ್ಲೂ ಒಂದು ಯೋಜನೆ ನಿಂತಿದೆ. ನನಗೆ ಸಿಎ ಮಾಡುವ ಆಸೆ. ಫೌಂಡೇಶನ್, ಇಂಟರ್, ಎರಡು ವರ್ಷ ಆರ್ಟಿಕಲ್‌ಶಿಪ್, ಫೈನಲ್ ಎಂದರೆ ನಾಲ್ಕೈದು ವರ್ಷ ಬೇಕೇ ಬೇಕು. ಖಾಲಾ ಹೇಳುತ್ತಾರೆ: “ಐದು ವರ್ಷ ಹುಡುಗಿಯನ್ನು ಕೂರಿಸಿಕೊಂಡು ಯಾರು ಕಾಯುತ್ತಾರೆ? ಪಾಸಾಗುತ್ತಾಳೆ ಅಂತ ಗ್ಯಾರಂಟಿ ಏನು?” ಗ್ಯಾರಂಟಿ ಇಲ್ಲ, ನಿಜ. ಯೋಜನೆ ಮಾಡಿದ ಮಾತ್ರಕ್ಕೆ ಯಶಸ್ಸು ಖಚಿತವಲ್ಲ ಎಂದು ನಮ್ಮ ಪಾಠದ ‘ಮಿತಿಗಳು’ ಭಾಗದಲ್ಲೂ ಇದೆ. ಖಾಲಾ ಹೇಳಿದಾಗ ಅಬ್ಬಾ ಏನೂ ಮಾತಾಡಲಿಲ್ಲ. ಅವರ ಮೌನವೇ ನನಗೆ ಹೆಚ್ಚು ಭಯ.

ಮೇಡಂ ನನ್ನ ಎರಡು ಪುಟಕ್ಕೆ 10ಕ್ಕೆ 8 ಕೊಟ್ಟು, “ಖರ್ಚಿನ ಲೆಕ್ಕ ಎಲ್ಲಿ?” ಎಂದು ಕೆಂಪು ಪೆನ್ನಿನಲ್ಲಿ ಬರೆದಿದ್ದರು. ಕಾಮರ್ಸ್‌ನವಳಾಗಿ ಅದನ್ನೇ ಮರೆತಿದ್ದೆ!

ಆ ರಾತ್ರಿ ಇನ್ನೊಂದು ಹಾಳೆ ತೆಗೆದುಕೊಂಡೆ. ಈ ಸಲ ಎನ್ಸೆಲಡಸ್ ಅಲ್ಲ. ಯಾವ ವರ್ಷ ಯಾವ ಪರೀಕ್ಷೆ, ಎಷ್ಟು ಫೀಸು, ಆರ್ಟಿಕಲ್‌ಶಿಪ್‌ನಲ್ಲಿ ಸ್ಟೈಪೆಂಡ್ ಬಂದರೆ ಮನೆಗೆ ಎಷ್ಟು, ಒಂದು ಸಲ ಫೇಲಾದರೆ ಏನು ಮಾಡುವುದು, ಎಲ್ಲ ಗೆರೆ ಎಳೆದು ಬರೆದೆ. ಫೇಲಾಗುವ ಕಾಲಂ ಬರೆಯುವಾಗ ಕೈ ತಡವರಿಸಿತು. ಆದರೂ ಬರೆದೆ. ಬೆಳಿಗ್ಗೆ ಅದನ್ನು ಅಬ್ಬಾನ ಕನ್ನಡಕದ ಕೆಳಗೆ ಇಟ್ಟು ಕಾಲೇಜಿಗೆ ಬಂದೆ.

ಸಂಜೆ ಮನೆಗೆ ಹೋದಾಗ ಹಾಳೆ ಅಲ್ಲಿರಲಿಲ್ಲ. ಅಬ್ಬಾ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋದರು ಎಂದು ನಾನಿ ಹೇಳಿದರು. ಇನ್ನೂ ಉತ್ತರ ಬಂದಿಲ್ಲ. ಕಾಯುತ್ತಿದ್ದೇನೆ.