ಕೋಳಿಯ ಕಾಟ, ಬಾತಿನ ಆಟ

ಕನ್ನಡದಲ್ಲಿ ನಾವು ಬಾತನ್ನೂ ‘ಬಾತುಕೋಳಿ’ ಎಂದೇ ಕರೆಯುತ್ತೇವೆ. ಹೆಸರು ಕೇಳಿದರೆ ಕೋಳಿ, ಬಾತು ಅಕ್ಕತಂಗಿಯರೇ ಇರಬೇಕು ಅನ್ನಿಸುತ್ತದೆ. ಎರಡನ್ನೂ ಒಂದೇ ಹಿತ್ತಲಲ್ಲಿ ಸಾಕಿದವರನ್ನು ಕೇಳಿ ನೋಡಿ. ಇವು ಅಕ್ಕತಂಗಿಯರಲ್ಲ, ವಾರಗಿತ್ತಿಯರು! ಒಂದೇ ಮನೆ, ಒಂದೇ ಅಂಗಳ. ಗುಣ ಮಾತ್ರ ಒಂದಕ್ಕೊಂದು ಹೊಂದುವುದಿಲ್ಲ.

ನಾನು ಮದುವೆಯಾಗಿ ಈ ಮಲೆನಾಡಿನ ಮನೆಗೆ ಬಂದಾಗಿನಿಂದ ಕೋಳಿ ಸಾಕುತ್ತಿದ್ದೇನೆ. ಬಾತು ಬಂದದ್ದು ಈಚೆಗೆ, ನಾಲ್ಕು ವರ್ಷದ ಹಿಂದೆ. ಹಾಗಾಗಿ ಕೋಳಿಯ ಬಗ್ಗೆ ದೂರು ಹೇಳುವ ಹಕ್ಕು ನನಗೆ ಯಾರಿಗಿಂತಲೂ ಹೆಚ್ಚಾಗಿದೆ.

ಮೊದಲ ದೂರು, ಅದರ ಕಾಲು. ಹೊಟ್ಟೆ ತುಂಬಿರಲಿ, ಖಾಲಿಯಿರಲಿ, ಮೆತ್ತಗಿನ ಮಣ್ಣು ಕಂಡರೆ ಕೋಳಿ ಕೆದಕಲೇಬೇಕು. ಹೂವಿನ ಗಿಡದ ಬುಡಕ್ಕೆ ಹಾಕಿದ ಗೊಬ್ಬರ ಸಂಜೆಯೊಳಗೆ ಅಂಗಳದ ತುಂಬ ಹರಡಿರುತ್ತದೆ. ಬಿತ್ತಿದ ಹರಿವೆ ಬೀಜ ಮೊಳಕೆ ಕಾಣುವುದೇ ಇಲ್ಲ. ಬೇಲಿ ಕಟ್ಟಿದರೆ ನಾಟಿಕೋಳಿ ಹಾರಿ ದಾಟುತ್ತದೆ.

ಎರಡನೆಯದು, ಮೊಟ್ಟೆಯ ಕಳ್ಳಾಟ. ಗೂಡಿನಲ್ಲಿ ಹುಲ್ಲು ಹಾಸಿ ಕೊಟ್ಟರೂ ಅದಕ್ಕೆ ಸೌದೆ ಒಟ್ಟಿನ ಸಂದಿಯೇ ಬೇಕು. ಕದ್ದು ಮೊಟ್ಟೆಯಿಡುವುದು, ಆಮೇಲೆ ಇಡೀ ಕೇರಿಗೆ ಕೇಳುವಂತೆ ಕೂಗುವುದು! ನಾವು ಹುಡುಕಿಕೊಂಡು ಹೋಗುವಷ್ಟರಲ್ಲಿ ಕೆರೆಹಾವೋ ಮುಂಗುಸಿಯೋ ಹೋಗಿ ಬಂದಿರುತ್ತದೆ.

ಮೂರನೆಯದು, ಜಗಳ. ಯಾವ ಕೋಳಿ ಯಾವುದನ್ನು ಕುಕ್ಕಬಹುದು, ಯಾವುದು ಕುಕ್ಕಿಸಿಕೊಂಡು ಸುಮ್ಮನಿರಬೇಕು ಎಂಬುದಕ್ಕೆ ಅವುಗಳಲ್ಲೇ ಒಂದು ಕಟ್ಟಳೆಯಿದೆ. ನಾರ್ವೆ ದೇಶದ ಶೆಲ್ಡರಪ್-ಎಬ್ಬೆ ಎಂಬುವರು ಹುಡುಗನಾಗಿದ್ದಾಗಲೇ ಮನೆಯವರ ಕೋಳಿಗಳನ್ನು ನೋಡುತ್ತ ಇದನ್ನು ಕಂಡುಕೊಂಡರು. ದೊಡ್ಡವರಾದ ಮೇಲೆ, 1920ರ ದಶಕದ ಆರಂಭದಲ್ಲಿ, ಅದನ್ನು ಬರೆದು ಪ್ರಕಟಿಸಿದರು. ಮಕ್ಕಳೇ, ಅಂಗಳದಲ್ಲಿ ಸುಮ್ಮನೆ ಕೂತು ನೋಡುವುದೂ ಒಂದು ಓದೇ. ನೋಡುವವರಿಗೆ ಅದು ವಿಜ್ಞಾನ. ಹೊಸ ಕೋಳಿಯೊಂದನ್ನು ತಂದು ಗುಂಪಿಗೆ ಬಿಟ್ಟು, ಅದರ ನೆತ್ತಿಗೆ ಅರಿಸಿನ ಹಚ್ಚುವ ನನಗೆ ತಲೆನೋವು.

ಇನ್ನು ಕಾಯಿಲೆ. ಕೊಕ್ಕರೆ ರೋಗ ಬಂತೆಂದರೆ ನಿನ್ನೆ ಆಡುತ್ತಿದ್ದ ಕೋಳಿ ಇವತ್ತು ಕತ್ತು ತಿರುಚಿಕೊಂಡು ಬಿದ್ದಿರುತ್ತದೆ. ಒಂದಕ್ಕೆ ಬಂದರೆ ಗೂಡೇ ಖಾಲಿ. ರಾಣಿಖೇತ್ ರೋಗ ಎನ್ನುವುದು ಇದನ್ನೇ. ಬಂದ ಮೇಲೆ ಮದ್ದಿಲ್ಲ. ಮರಿಯಿದ್ದಾಗಲೇ ಕಣ್ಣಿಗೆ ಹನಿ ಹಾಕಿಸಬೇಕು, ಎರಡು ತಿಂಗಳಾದಾಗ ಚುಚ್ಚುಮದ್ದು ಕೊಡಿಸಬೇಕು.

ಕೊನೆಯದು, ಕಾವಿನ ಹಟ. ನಾಟಿಕೋಳಿ ಹತ್ತು ಹದಿನೈದು ಮೊಟ್ಟೆಯಿಟ್ಟು ನಿಲ್ಲಿಸಿ ಕಾವಿಗೆ ಕೂರುತ್ತದೆ. ಮೊಟ್ಟೆ ತೆಗೆದುಬಿಟ್ಟರೂ ಏಳುವುದಿಲ್ಲ. ಬರಿಯ ನೆಲಕ್ಕೂ ಕಾವು ಕೊಡುತ್ತ, ಹತ್ತಿರ ಹೋದರೆ ಗರಿ ಉಬ್ಬಿಸಿ ‘ಕೊರ್ರ್’ ಎನ್ನುತ್ತದೆ. ಕಾವು ಬಿಡಿಸಲು ಹಿಂದಿನವರು ನೀರಿನಲ್ಲಿ ಮುಳುಗಿಸುತ್ತಿದ್ದರು, ಮೂಗಿಗೆ ಗರಿ ಸಿಕ್ಕಿಸುತ್ತಿದ್ದರು. ನನಗೆ ಅದು ಯಾವತ್ತೂ ಮನಸ್ಸಿಗೆ ಬರಲಿಲ್ಲ.

ಹೀಗಿರುವಾಗ ಒಂದು ವರ್ಷ ಮೆಣಸಿನ ಸಸಿಮಡಿಯ ಗಲಾಟೆಯಾಯಿತು. ದೀಪಾವಳಿ ಕಳೆದು ಗದ್ದೆಗೆ ನೆಡಲು ಮಗ ಇಟ್ಟುಕೊಂಡಿದ್ದ ಸಸಿ ಅದು. ಆರು ಕೋಳಿ ಸೇರಿ ಒಂದೇ ಬೆಳಗ್ಗೆ ಮಡಿಯನ್ನು ಮಟ್ಟ ಮಾಡಿದವು. ಮಗ ಅಂಗಳದಲ್ಲೇ ನಿಂತು, “ಅಮ್ಮ, ಈ ಕೋಳಿ ಸಹವಾಸ ಸಾಕು. ಬರುವ ಸಂತೆಗೆ ಎಲ್ಲ ಮಾರಿಬಿಡಾಣ” ಎಂದ. ಅವನ ಕಷ್ಟ ಸುಳ್ಳಲ್ಲ. ಆ ವರ್ಷದ ಮೆಣಸಿನ ಬೆಳೆಯೇ ಹೋಗಿತ್ತು. ನಾನು ಏನೂ ಮಾತಾಡಲಿಲ್ಲ. ಐದನ್ನು ಮಾರಿಯೂ ಆಯಿತು. ಉಳಿದದ್ದು ಕೆಂಪಿಯೊಂದೇ, ಅದೂ ಕಾವಿಗೆ ಕೂತಿದ್ದರಿಂದ.

ಅದೇ ವಾರ ನನ್ನ ತಮ್ಮ ಏಳು ಬಾತಿನ ಮೊಟ್ಟೆ ತಂದ. ಖಾಕಿ ಕ್ಯಾಂಪ್‌ಬೆಲ್ ಎಂಬ ತಳಿ. ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಇಂಗ್ಲೆಂಡಿನಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬಾಕೆ ರೂಪಿಸಿದ ತಳಿಯಿದು. ಚೆನ್ನಾಗಿ ಸಾಕಿದರೆ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಕೊಡಬಲ್ಲದು. “ಕೆಂಪಿ ಅಡಿಗೆ ಇಡಕ್ಕ, ನೋಡಾಣ” ಎಂದ.

ಕೋಳಿಮೊಟ್ಟೆ ಒಡೆಯಲು 21 ದಿನ ಸಾಕು, ಬಾತಿನ ಮೊಟ್ಟೆಗೆ 28 ದಿನ. ಐದನೇ ಕ್ಲಾಸಿನ ಮೊಮ್ಮಗಳು ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತ ಹೋದಳು. ಬಾತು ನೀರಿಂದೆದ್ದು ಒದ್ದೆ ಗರಿಯಲ್ಲೇ ಕಾವಿಗೆ ಕೂರುತ್ತದೆ, ಆ ತೇವ ಮೊಟ್ಟೆಗೆ ಬೇಕು. ಕೋಳಿಗೆ ಅದು ಗೊತ್ತಿಲ್ಲವಲ್ಲ! ಹಾಗಾಗಿ ಕೆಂಪಿ ಮೇಯಲು ಎದ್ದಾಗ ಮೊಮ್ಮಗಳೇ ಬೆರಳದ್ದಿ ಮೊಟ್ಟೆಗಳ ಮೇಲೆ ನೀರು ಚಿಮುಕಿಸುತ್ತಿದ್ದಳು. ಇಪ್ಪತ್ತೊಂದು ದಿನ ಕಳೆಯಿತು. ಕೆಂಪಿ ಏಳಲಿಲ್ಲ. ನಾವು ಬೈಯುತ್ತಿದ್ದ ಆ ಹಟವೇ ಅದನ್ನು ಇನ್ನೂ ಏಳು ದಿನ ಕೂರಿಸಿತು. ಇಪ್ಪತ್ತೆಂಟನೆಯ ದಿನ ಐದು ಮರಿಗಳು ಹೊರಬಂದವು.

ಎಳೆಯ ಮರಿಗಳು ಬೇಗ ನೆನೆದು ಚಳಿಗೆ ಸಿಕ್ಕುತ್ತವೆಂದು ಮೊದಲು ತಟ್ಟೆಯಲ್ಲಷ್ಟೇ ನೀರಿಟ್ಟೆವು. ತಿಂಗಳು ಕಳೆದ ಮೇಲೆ ಒಂದು ದಿನ ಐದೂ ಸಾಲಾಗಿ ಹೋಗಿ ತೋಟದ ಕೆರೆಗೆ ಇಳಿದವು. ಕೆಂಪಿಯ ಗೋಳು ನೋಡಬೇಕಿತ್ತು. ದಂಡೆಯುದ್ದಕ್ಕೂ ಓಡಿತು, ಕೂಗಿತು, ಕಾಲು ಮುಳುಗುವಷ್ಟು ನೀರಿಗೂ ಇಳಿಯಿತು. ಮರಿಗಳಿಗೆ ಅದರ ಪರಿವೆಯೇ ಇಲ್ಲ. ಮುಳುಗಿದವು, ಎದ್ದವು, ಬಾಲ ಅಲ್ಲಾಡಿಸಿದವು. ನಮ್ಮ ಯಜಮಾನರು ದಂಡೆಯ ಮೇಲೆ ಕೂತು ನೋಡುತ್ತಿದ್ದವರು, “ಪಾಪ, ಅದಕ್ಕೂ ನಮ್ಮ ಹಾಗೇ ಆಯ್ತಲ್ಲೇ” ಎಂದರು. ನಮ್ಮ ಕಿರಿಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಏನು ಕೆಲಸ ಮಾಡುತ್ತಾನೆಂದು ನಮ್ಮಿಬ್ಬರಿಗೂ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಸಂಜೆ ಮರಿಗಳು ದಂಡೆ ಹತ್ತಿ ಬಂದು ಕೆಂಪಿಯ ರೆಕ್ಕೆಯಡಿ ನುಗ್ಗಿದವು. ಒದ್ದೆ ಮೈಗಳನ್ನು ಅದು ಹಾಗೇ ಅಪ್ಪಿಕೊಂಡು ಕೂತಿತು.

ಬೆಳೆದ ಬಾತುಗಳು ಮಗನಿಗೆ ಬಲು ಮೆಚ್ಚುಗೆಯಾದವು. ಅವು ನೆಲ ಕೆದಕುವುದಿಲ್ಲ. ಚಿಕ್ಕ ಬಸವನಹುಳು, ಗೊಂಡೆಹುಳು ಹೆಕ್ಕಿ ತಿನ್ನುತ್ತವೆ. ಬೇಲಿ ಹಾರುವುದಿಲ್ಲ. ಆಷಾಢದ ಮಳೆಗೆ ಕೋಳಿ ಮುದುಡಿ ನಿಂತರೆ ಬಾತಿಗೆ ಅದೇ ಜಾತ್ರೆ. ಕಾಯಿಲೆ ಕಡಿಮೆ. ಮೊಟ್ಟೆಯನ್ನು ಹೆಚ್ಚಾಗಿ ಬೆಳಗ್ಗೆ ಒಂಬತ್ತರೊಳಗೆ ಇಡುವುದರಿಂದ, ಗೂಡಿನ ಬಾಗಿಲು ಸ್ವಲ್ಪ ತಡವಾಗಿ ತೆಗೆದರೆ ಹುಡುಕುವ ಕೆಲಸವೇ ಇಲ್ಲ. ಮೊಮ್ಮಗಳು ಇನ್ನೊಂದು ಕಂಡುಹಿಡಿದಳು: ‘ಕ್ವಾಕ್ ಕ್ವಾಕ್’ ಎಂದು ಜೋರಾಗಿ ಕೂಗುವುದು ಹೆಣ್ಣು ಮಾತ್ರ. ಗಂಡಿನದು ಗಂಟಲು ಕಟ್ಟಿದ ಹಾಗಿನ ಸಣ್ಣ ದನಿ, ಬಾಲದ ಮೇಲೆ ಸುರುಳಿ ಗರಿ.

ಹಾಗಂತ ಬಾತಿನಲ್ಲಿ ಕುಂದಿಲ್ಲವೆಂದಲ್ಲ. ಕಣ್ಣು ಮೂಗು ತೊಳೆದುಕೊಳ್ಳಲು ತಲೆ ಮುಳುಗುವಷ್ಟು ನೀರು ಬೇಕೇ ಬೇಕು. ಇಟ್ಟ ನೀರನ್ನು ಗಳಿಗೆಯಲ್ಲಿ ಕೆಸರು ಮಾಡುತ್ತವೆ, ಅಂಗಳ ಜಾರುತ್ತದೆ. ಕೋಳಿ ಕತ್ತಲಾಗುವ ಮೊದಲು ತಾನೇ ಗೂಡು ಸೇರುತ್ತದೆ. ಬಾತುಗಳನ್ನು ಕೆರೆಯಿಂದ ಎಬ್ಬಿಸಲು ದಿನಾ ಕೋಲು ಹಿಡಿದು ಹೋಗಬೇಕು. ಎಲ್ಲಕ್ಕಿಂತ ದೊಡ್ಡ ಕುಂದು ಮರುವರ್ಷ ತಿಳಿಯಿತು. ಬುಟ್ಟಿ ತುಂಬ ಮೊಟ್ಟೆಯಿದೆ, ಕಾವಿಗೆ ಕೂರುವವರಿಲ್ಲ! ಮೊಟ್ಟೆಗಾಗಿಯೇ ಆರಿಸಿ ಆರಿಸಿ ಬೆಳೆಸಿದ ಈ ತಳಿಗೆ ಕಾವಿನ ಗುಣವೇ ಹೆಚ್ಚುಕಡಿಮೆ ಹೊರಟುಹೋಗಿದೆ. ಮೊಟ್ಟೆಯಿಟ್ಟು ಹಿಂದಿರುಗಿಯೂ ನೋಡದೆ ನೀರಿಗೆ ಹೋಗುತ್ತವೆ. ಆ ಸಲವೂ ಕೂತದ್ದು ಕೆಂಪಿಯೇ.

ಕೆಂಪಿಗೆ ಈಗ ವಯಸ್ಸಾಗಿದೆ, ಮೊಟ್ಟೆ ಅಪರೂಪ. ಮಗ ಈಗ ಸಂತೆಯ ಮಾತೆತ್ತುವುದಿಲ್ಲ. ಸಸಿಮಡಿಗೆ ಬಿದಿರಿನ ತಟ್ಟಿ ಕಟ್ಟಿ ಮೇಲೆ ಬಲೆ ಹೊದಿಸಿದ್ದಾನೆ. ಹೋದ ತಿಂಗಳು ಅವನೇ ನಾಲ್ಕು ನಾಟಿ ಹ್ಯಾಟೆಗಳನ್ನು ಹೆಡಿಗೆಯಲ್ಲಿ ತಂದು ಅಂಗಳಕ್ಕೆ ಬಿಟ್ಟ. ಬಿಟ್ಟ ಮರುಗಳಿಗೆಯೇ ಅವು ನನ್ನ ಸೇವಂತಿಗೆ ಬುಡ ಕೆದಕಲು ಹೊರಟವು. ನಾನು ಹಚಾ ಎಂದು ಓಡಿಸುತ್ತಿದ್ದರೆ ಮಗ ಜಗಲಿಯಿಂದಲೇ ಕೇಳಿದ: “ಅಮ್ಮ, ಇವುಗಳಲ್ಲಿ ಯಾವುದು ಮೊದಲು ಕಾವಿಗೆ ಕೂರಬಹುದು?”