ಬಣ್ಣದ ಸೀಸಕಡ್ಡಿ

ಭೂಗೋಲದ ಪ್ರಾಯೋಗಿಕ ವಹಿಗೆ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಮಣ್ಣಿನ ನಕಾಶೆ ಬರೆಯಬೇಕಾಗಿತ್ತು. ಬಯಲಿನ ಎರಿಗೆ ಕಂದು, ಗಜೇಂದ್ರಗಡದ ಗುಡ್ಡದ ಸೆರಗಿನ ಮಸಾರಿಗೆ ಕೆಂಪು, ಮಲಪ್ರಭೆಗೆ ನೀಲಿ. ಬಸ್ಸಿನ ದುಡ್ಡಿನಲ್ಲಿ ಉಳಿಸಿ, ಸಂತೆಯಲ್ಲಿ ಹೆಸರಿಲ್ಲದ ಅಗ್ಗದ ಡಬ್ಬಿಯೊಂದನ್ನು ಕೊಂಡೆ. ಒತ್ತಿದರೆ ಕಾಗದ ಹರಿಯುವುದು, ಒತ್ತದಿದ್ದರೆ ಬಣ್ಣ ಮೂಡದು. ಹೆರೆದಂತೆಲ್ಲ ಕಡ್ಡಿ ಮುರಿದು, ನರಗುಂದದ ಎರಿ ಮುಗಿಯುವ ಮೊದಲೇ ಕಂದು ಮುಗಿಯಿತು!

ಕರಿ ಸೀಸವನ್ನು ಜೇಡಿಯೊಡನೆ ಕಲಸಿ ಭಟ್ಟಿಯಲ್ಲಿ ಸುಡುತ್ತಾರೆ. ಬಣ್ಣದ ಕಡ್ಡಿಯಲ್ಲಿರುವುದು ಮೇಣ ಮತ್ತು ಬಣ್ಣದ ಪುಡಿ. ಅದನ್ನು ಹಾಗೆ ಸುಡುವಂತಿಲ್ಲ. ಆದ್ದರಿಂದ ಕೈಜಾರಿ ಬಿದ್ದರೆ ಒಳಗೊಳಗೇ ತುಂಡಾಗುತ್ತದೆ.

ಗೆಳೆಯರಿಂದ ಎರಡು ಡಬ್ಬಿಗಳನ್ನು ಕಡ ತಂದೆ. ಒಂದು, 1931ರಲ್ಲಿ ಶಾಯಿಪುಡಿಯಿಂದ ಆರಂಭವಾದ ನಮ್ಮ ಕ್ಯಾಮ್ಲಿನ್. ಇನ್ನೊಂದು, 1761ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಫೇಬರ್-ಕ್ಯಾಸ್ಟೆಲ್. ಗುಡ್ಡದ ನೆರಳನ್ನು ಹದವಾಗಿ ತೆಳುಗೊಳಿಸಲು ಎರಡನೆಯದು ನನ್ನ ಕೈಗೆ ಒಗ್ಗಿತು. ಬಯಲು ತುಂಬಲು ಕ್ಯಾಮ್ಲಿನ್ ಧಾರಾಳವಾಗಿ ಸಾಕು. ನಾನು ಕೊಳ್ಳುವುದಾದರೆ ಅದನ್ನೇ. ಆದರೆ ಮಳೆ ಬಿದ್ದ ಎರಿಯ ಬಣ್ಣ ಯಾವ ಡಬ್ಬಿಯಲ್ಲಿಯೂ ಸಿಗಲಿಲ್ಲ. ಕಂದಿನ ಮೇಲೆ ಕರಿಯನ್ನು ಹಗುರಾಗಿ ಎಳೆದಾಗಲೇ ಅದು ನಮ್ಮ ಹೊಲವಾಯಿತು.

ಸಂತೆಯ ಡಬ್ಬಿಯ ಹಸಿರು ಮಾತ್ರ ಇನ್ನೂ ಉದ್ದವಾಗಿಯೇ ಇದೆ. ನಮ್ಮ ನಕಾಶೆಯಲ್ಲಿ ಅದಕ್ಕೆ ಕೆಲಸ ಬೀಳಲಿಲ್ಲ.